ಮುಲುಂಡಿಗೂ ಬರಲಿ ಮೆಂಡೆಲ್ಸನ್

ಮುಲುಂಡ್ ಎಂದರೆ ಮುಂಬೈ ಸೆಂಟ್ರಲ್ ಲೈನಿನಲ್ಲಿ ಠಾಣೆಗಿಂತ ಒಂದು ಸ್ಟೇಷನ್ ಮೊದಲು. ಇಲ್ಲಿನವರು ಪಾಶ್ಚಾತ್ಯ ಆರ್ಕೆಸ್ಟ್ರಾ ಕೇಳಬೇಕೆಂದರೆ ನರಿಮನ್ ಪಾಯಿಂಟಿನ ಎನ್‌ಸಿಪಿಎಗೆ ಹೋಗಬೇಕು. ಫಾಸ್ಟ್ ಲೋಕಲ್ ಹಿಡಿದರೂ ಸಿಎಸ್‌ಎಂಟಿಗೆ ಮುಕ್ಕಾಲು ಗಂಟೆ, ಅಲ್ಲಿಂದ ಟ್ಯಾಕ್ಸಿ. ಖುಷ್ರೂ ಸುಂತೂಕ್ ಮತ್ತು ಕಜಾಕ್‌ಸ್ತಾನದ ಪಿಟೀಲುವಾದಕ ಮರಾತ್ ಬಿಸೆಂಗಲಿಯೆವ್ ಸೇರಿ 2006ರಲ್ಲಿ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮನೆ ಅದು. ವರ್ಷಕ್ಕೊಂದು ಸಂಜೆಯಾದರೂ ಆ ವಾದ್ಯವೃಂದ ಇತ್ತ ಬರಲಿ, ಎಳೆಯ ಪಿಟೀಲುವಾದಕರೊಬ್ಬರನ್ನು ಮುಂದೆ ನಿಲ್ಲಿಸಿ ಮೆಂಡೆಲ್ಸನ್‌ನ ಇ ಮೈನರ್ ಕಾನ್ಚೆರ್ಟೊ ನುಡಿಸಲಿ ಎಂಬುದು ನನ್ನ ಬೇಡಿಕೆ.

ಅದೇ ಯಾಕೆ? ಖರ್ಚಿನ ಲೆಕ್ಕದಿಂದಲೇ ಶುರುಮಾಡೋಣ. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಎರಡೆರಡು, ಒಬ್ಬ ಟಿಂಪನಿಯವನು, ಉಳಿದದ್ದೆಲ್ಲ ತಂತಿವಾದ್ಯ. ಟ್ರಾಂಬೋನ್ ಇಲ್ಲ, ಹಾರ್ಪ್ ಇಲ್ಲ. ನಲವತ್ತು ಜನ ಸಾಕು. ಮರಾಠಿ ನಾಟಕಗಳು ನಡೆಯುವ ನಮ್ಮ ಪಾಲಿಕೆಯ ಕಾಳಿದಾಸ ನಾಟ್ಯಮಂದಿರದಲ್ಲಿ ಧ್ವನಿ ಅಲ್ಲಿಯಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಒಪ್ಪಿದೆ. ಆದರೆ ಈ ಕೃತಿ ಹೊಸ ಕೇಳುಗರನ್ನು ಕಾಯಿಸುವುದಿಲ್ಲ. ದೀರ್ಘ ಪೀಠಿಕೆಯಿಲ್ಲದೆ ಎರಡನೇ ಬಾರಿನಲ್ಲೇ ಪಿಟೀಲು ಬಾಯಿ ತೆರೆಯುತ್ತದೆ. ಮೊದಲ ಭಾಗ ಮುಗಿದಾಗ ಬಸೂನಿನ ಒಂದೇ ಸ್ವರ ಎಳೆದು ನಿಂತು ಎರಡನೆಯದಕ್ಕೆ ದಾಟಿಸುತ್ತದೆ. ಎಲ್ಲಿ ಚಪ್ಪಾಳೆ ತಟ್ಟಬೇಕೆಂಬ ನಮ್ಮ ಕಚೇರಿ ಕೇಳುಗರ ಅಳುಕಿಗೆ ಅಲ್ಲಿ ಜಾಗವೇ ಇಲ್ಲ.

ರೊಮ್ಯಾಂಟಿಕ್ ಸಂಗೀತವನ್ನು ಕನ್ನಡದಲ್ಲಿ ‘ರಮ್ಯ’ ಎನ್ನುವುದು ರೂಢಿ. ಅನುವಾದವೇ ಹೊಟ್ಟೆಪಾಡಾದ ನನಗೆ ಆ ಪದ ಕಿರಿಕಿರಿ. ರಮ್ಯ ಎಂದರೆ ಕ್ಯಾಲೆಂಡರಿನ ಬೆಟ್ಟ. ಈ ಪಿಟೀಲಿನಲ್ಲಿರುವುದು ತಳಮಳ, ಹಟ.

ಇದು ನಮ್ಮದಲ್ಲ ಎನ್ನುವವರಿಗೆ ಏಳು ತಂತಿಯ ಚೌಡಯ್ಯನವರನ್ನು ನೆನಪಿಸಬೇಕೆ? ಜಯಚಾಮರಾಜ ಒಡೆಯರಂತೂ ರಷ್ಯದ ಮೆಟ್ನರ್‌ನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಬಾರಿಗೆ ಕೇಳಿಸಿದ್ದು ಅವರದೇ ಹಣದ ಭರವಸೆಯ ಮೇಲೆ. ಮೈಸೂರಿನ ದುಡ್ಡು ಲಂಡನ್ನಿಗೆ ತಲುಪಿತ್ತು. ನರಿಮನ್ ಪಾಯಿಂಟಿನ ಪ್ರಾಯೋಜಕರ ದುಡ್ಡು ಮುಲುಂಡಿಗೆ ತಲುಪಲಾರದೆ?

ನನಗಿರುವ ಚಿಂತೆ ಇಲ್ಲಿನ ಮಕ್ಕಳದು. ಪಿಟೀಲು ಕಲಿಯುವವರಿಗೆ ಆರ್ಕೆಸ್ಟ್ರಾ ಎಂದರೆ ಮೊಬೈಲಿನಲ್ಲಿ ಹಾಕಿಕೊಳ್ಳುವ ಟ್ರ್ಯಾಕ್. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಮಗು ತಡವರಿಸಿದರೂ ಮುಂದೆ ಹೋಗುತ್ತದೆ. 1844ರಲ್ಲಿ ಹನ್ನೆರಡರ ಯೋಸೆಫ್ ಯೋಆಕಿಮ್ ಲಂಡನ್ನಿನಲ್ಲಿ ಬೀಥೋವನ್ನನ ಕಾನ್ಚೆರ್ಟೊ ನುಡಿಸಿದಾಗ ವಾದ್ಯವೃಂದ ನಡೆಸುತ್ತಿದ್ದವನು ಮೆಂಡೆಲ್ಸನ್ನೇ. ಅಂಥ ಬೆಂಬಲ ಹೇಗಿರುತ್ತದೆಂದು ನಮ್ಮ ಮಕ್ಕಳು ಮೂರನೇ ಸಾಲಿನಲ್ಲಿ ಕೂತು ಒಮ್ಮೆ ನೋಡಲಿ.

ಶನಿವಾರವೇ ಇಟ್ಟುಕೊಳ್ಳಲಿ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್.