ಇಥಿಯೋಪಿಯ: ಹೊರನಾಡಿನ ವಿದ್ವಾಂಸರ ಮುಂದಿರುವ ಪರೀಕ್ಷೆ

ಬೆಆಲು ಗಿರ್ಮಾ ಅವರ ‘ಓರೊಮಾಯ್’ ಎಂಬ ಅಮ್ಹಾರಿಕ್ ಕಾದಂಬರಿ 2025ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾಯಿತು. ಇಥಿಯೋಪಿಯದ ವಾರ್ತಾ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಬೆಆಲು, ಎರಿಟ್ರಿಯದಲ್ಲಿ ತಮ್ಮದೇ ಸರ್ಕಾರ ನಡೆಸಿದ ಸೇನಾ ಕಾರ್ಯಾಚರಣೆಯ ವೈಫಲ್ಯವನ್ನು ಅದರಲ್ಲಿ ಚಿತ್ರಿಸಿದ್ದರು. 1983ರಲ್ಲಿ ಹೊರಬಂದ ಕೂಡಲೇ ಕೃತಿ ನಿಷೇಧಕ್ಕೊಳಗಾಯಿತು. ಮರುವರ್ಷ ಲೇಖಕರೇ ಕಣ್ಮರೆಯಾದರು. ಅವರು ಮತ್ತೆ ಮರಳಲಿಲ್ಲ.

1974ರ ಕ್ರಾಂತಿಯ ತರುವಾಯ ದೇಶ ತೊರೆದ ಅನೇಕ ವಿದ್ಯಾವಂತರು ಅಮೆರಿಕ, ಯೂರೋಪುಗಳಲ್ಲಿ ನೆಲೆಸಿ ವಿಚಾರಗೋಷ್ಠಿಗಳನ್ನು, ಪತ್ರಿಕೆಗಳನ್ನು ಬೆಳೆಸಿದರು. ಲಾಸ್ ಏಂಜಲಿಸ್‌ನಲ್ಲಿ 1998ರಲ್ಲಿ ತ್ಸೆಹಾಯ್ ಪ್ರಕಾಶನ ಆರಂಭವಾಯಿತು. ತಾಯ್ನಾಡಿನಲ್ಲಿ ಆಡಲಾಗದ ಮಾತಿಗೆ ಹೊರನಾಡು ವೇದಿಕೆಯಾಯಿತು.

ಆದರೆ 2020ರಿಂದ 2022ರವರೆಗೆ ನಡೆದ ಟಿಗ್ರೇ ಯುದ್ಧ ಹೊರನಾಡಿನ ಸಮುದಾಯವನ್ನೂ ಜನಾಂಗವಾರು ಬಣಗಳಾಗಿ ಒಡೆಯಿತು. ಎದುರು ಬಣದ ತಪ್ಪನ್ನು ಎಣಿಸುವುದೇ ವಿದ್ವತ್ತೆಂಬಂತಾಯಿತು. ದೂರದಲ್ಲಿದ್ದು ಮಾತನಾಡುವವರಿಗೆ ಸೆರೆಮನೆಯ ಭಯವಿಲ್ಲ. ಆ ಮಾತಿನ ಫಲವನ್ನು ಉಣ್ಣುವವರು ಊರಿನಲ್ಲಿ ಉಳಿದವರು.

ಬೆಆಲು ಪ್ರಾಣವನ್ನು ಪಣಕ್ಕಿಟ್ಟು ತಮ್ಮವರ ತಪ್ಪನ್ನು ಬರೆದರು. ಅಂತಹ ಅಪಾಯವಿಲ್ಲದ ಹೊರನಾಡಿನ ವಿದ್ವಾಂಸರಿಂದ ಅಷ್ಟು ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಅತಿಯಾಸೆಯೇನೂ ಅಲ್ಲ. ಹೊರನಾಡಿನಲ್ಲಿಯೇ ಬಾಳುತ್ತಿರುವ ನಮಗೂ ಈ ಮಾತು ಸಲ್ಲುತ್ತದೆ.