ಮಾತಿನ ಸೇತುವೆ

ಕಂಪ್ಲಿಯ ಬಳಿ ತುಂಗಭದ್ರಾ ನದಿಗೆ ಒಂದು ಸೇತುವೆಯುಂಟು. ಈಚೆಯ ಕಂಪ್ಲಿಯನ್ನೂ ಆಚೆಯ ಗಂಗಾವತಿಯ ಹಾದಿಯನ್ನೂ ಅದು ಕೂಡಿಸುತ್ತದೆ. ಅದರ ಮೇಲೆ ಭತ್ತದ ಮೂಟೆ ಹೇರಿದ ಬಂಡಿಯೂ ಹೋಗುತ್ತದೆ, ಬಸ್ಸೂ ಹೋಗುತ್ತದೆ, ತಲೆಯ ಮೇಲೆ ಗಂಟು ಹೊತ್ತವನೂ ಹೋಗುತ್ತಾನೆ. ಬಂಡಿಯನ್ನು ಮಾಡಿದ ಬಡಗಿ ಯಾರೆಂದು ಯಾರೂ ಕೇಳುವುದಿಲ್ಲ. ಅಣೆಕಟ್ಟಿನಿಂದ ಹೆಚ್ಚು ನೀರು ಹೊರಬಿಟ್ಟ ಮಳೆಗಾಲಗಳಲ್ಲಿ ಆ ಸೇತುವೆಯು ಮುಳುಗಿ ಸಂಚಾರ ನಿಂತದ್ದುಂಟು. ಆಗ ಅದರ ಬೆಲೆ ಎರಡೂ ದಡದ ಜನರಿಗೆ ತಿಳಿದಿದೆ. ಮಾನವನು ನೀರಿಗೆ ಸೇತುವೆ ಕಟ್ಟಿದಂತೆಯೇ ಮಾತಿಗೂ ಕಟ್ಟಿಕೊಂಡಿದ್ದಾನೆ. ದೂರದಲ್ಲಿರುವವರ ಮುಖವನ್ನು ಕಂಡು ಮಾತನಾಡಿಸುವ ವೀಡಿಯೊ ಕರೆಯು ಇಂದಿನ ಕಾಲದ ಅಂತಹ ಸೇತುವೆ. ಅದು ಎಲ್ಲರಿಗೂ ತೆರೆದಿರಬೇಕೆ, ಅಥವಾ ಒಂದೇ ಬಗೆಯ ಯಂತ್ರವುಳ್ಳವರಿಗೆ ಮಾತ್ರ ಸಾಕೆ ಎಂಬುದು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದರ ಅಂಗಗಳನ್ನೆಲ್ಲ ನಡೆಸಲು ಕಾರ್ಯಾಚರಣ ವ್ಯವಸ್ಥೆ ಎಂಬ ಮೂಲ ತಂತ್ರಾಂಶ ಬೇಕು. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 1985ರಲ್ಲಿ ಹೊರತಂದ ವಿಂಡೋಸ್ ಅಂತಹುದೊಂದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇನ್ನೊಂದು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪನೆಯಾದ ವರ್ಷವೂ ಅದೇ. ವಿಂಡೋಸ್ ಒಂದು ಸಂಸ್ಥೆಯ ಸ್ವತ್ತು. ಅದರ ಒಳರಚನೆಯನ್ನು ಅನ್ಯರು ತಿದ್ದುವಂತಿಲ್ಲ. ಲಿನಕ್ಸಿನ ರಚನೆಯಾದರೋ ಎಲ್ಲರ ಮುಂದೆ ತೆರೆದಿಟ್ಟದ್ದು. ಬಲ್ಲವರು ಅದನ್ನು ಓದಬಹುದು, ತಿದ್ದಬಹುದು, ಇತರರೊಡನೆ ಹಂಚಿಕೊಳ್ಳಬಹುದು.

ಈ ಭೇದವು ಕನ್ನಡಿಗರಿಗೆ ದೂರದ ವಿಷಯವಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕೇರಳ ಸರ್ಕಾರವು ಶಾಲೆಗಳಲ್ಲಿ ಗಣಕ ಶಿಕ್ಷಣಕ್ಕಾಗಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಶಾಲೆಗಳಿಗೆ ಅದು ಒದಗಿಸುವುದು ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು. ಹೊಸಪೇಟೆ, ಸಂಡೂರುಗಳ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಸಾಮಾನ್ಯವಾಗಿ ಕಾಣುವುದು ವಿಂಡೋಸ್. ಹೊಸಪೇಟೆಯ ಮಕ್ಕಳು ಹಂಪಿಯ ಕಲ್ಲಿನ ರಥವನ್ನು ಕಾಸರಗೋಡಿನ ಮಕ್ಕಳಿಗೆ ತೋರಿಸಿ ವಿವರಿಸಬಯಸಿದರೆನ್ನೋಣ. ಅವರು ಪ್ರತಿಯಾಗಿ ಕೆಳದಿಯ ನಾಯಕರು ಕಟ್ಟಿಸಿದ ಬೇಕಲದ ಕೋಟೆಯನ್ನು ತೋರಿಸಬಹುದು. ಆ ನಾಯಕರು ಮೊದಲು ವಿಜಯನಗರದ ಸಾಮಂತರಾಗಿದ್ದವರೇ. ನುಡಿಯೂ ಚರಿತ್ರೆಯೂ ಕೂಡಿಸಿದ ಈ ಮಕ್ಕಳನ್ನು ತಂತ್ರಾಂಶವು ಅಗಲಿಸುವುದು ನ್ಯಾಯವೆ?

ಅಗಲಿಕೆ ಉಂಟಾಗುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ವೀಡಿಯೊ ಕರೆಯಲ್ಲಿ ಮುಖದ ಚಿತ್ರವೂ ಧ್ವನಿಯೂ ಅಂಕಿಗಳಾಗಿ ಮಾರ್ಪಡುತ್ತವೆ. ಆ ಅಂಕಿಗಳನ್ನು ಹಿಂಡಿ ಚಿಕ್ಕದಾಗಿಸಿ, ಸಣ್ಣ ಸಣ್ಣ ಕಟ್ಟುಗಳನ್ನಾಗಿ ಮಾಡಿ ಅಂತರಜಾಲದ ಮೂಲಕ ಕಳುಹಿಸಲಾಗುತ್ತದೆ. ಹಿಂಡಿದ ಕ್ರಮವು ಆಚೆಯ ಯಂತ್ರಕ್ಕೆ ತಿಳಿದಿದ್ದರೆ ಮಾತ್ರ ಅದು ಕಟ್ಟನ್ನು ಬಿಚ್ಚಿ ಮತ್ತೆ ಚಿತ್ರವನ್ನಾಗಿ ಮಾಡಬಲ್ಲದು. ಆದ್ದರಿಂದ ಎರಡೂ ಕಡೆಯವರಿಗೆ ಸಮ್ಮತವಾದ ಒಂದು ನಿಯಮಾವಳಿ ಅವಶ್ಯಕ. ಹೊಸಪೇಟೆಯ ರೈಲುಮಾರ್ಗವು ಹಿಂದೆ ಮೀಟರ್ ಗೇಜಿನದಾಗಿತ್ತು. ಬ್ರಾಡ್ ಗೇಜಿನ ಗಾಡಿಯು ಅದರ ಮೇಲೆ ಬರಲಾರದು. ಗುಂತಕಲ್ಲಿನಲ್ಲಿ ಪ್ರಯಾಣಿಕರೂ ಸರಕೂ ಗಾಡಿ ಬದಲಾಯಿಸಬೇಕಾಗಿತ್ತು. ಹಳಿಯ ಅಳತೆ ಒಂದಾದ ಮೇಲೆ ಆ ತೊಡಕು ನೀಗಿತು. ಇದಕ್ಕಾಗಿ ಎಂಜಿನುಗಳೆಲ್ಲ ಒಂದೇ ಕಾರ್ಖಾನೆಯಿಂದ ಬರಬೇಕಾಗಲಿಲ್ಲ. ಅಳತೆಯೊಂದು ಸಮಾನವಾದರೆ ಸಾಕಾಯಿತು.

ವೀಡಿಯೊ ಕರೆಗೂ ಇಂತಹ ಸಮಾನ ಅಳತೆಯನ್ನು ಮೊದಲಿನಿಂದಲೇ ಯೋಚಿಸಲಾಗಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1996ರಲ್ಲಿ ಎಚ್.323 ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ವಿಂಡೋಸಿನ ನೆಟ್‌ಮೀಟಿಂಗ್ ಅದನ್ನು ಅನುಸರಿಸಿತು. ಬೆಲ್ಜಿಯಂನ ಡೇಮಿಯನ್ ಸಾಂದ್ರಾಸ್ ಲಿನಕ್ಸಿಗಾಗಿ ರಚಿಸಿದ ಗ್ನೋಮ್‌ಮೀಟಿಂಗ್ ಎಂಬ ತಂತ್ರಾಂಶವೂ ಅದನ್ನೇ ಅನುಸರಿಸಿತು. ಹೀಗಾಗಿ ಈ ವ್ಯವಸ್ಥೆಯವನು ಆ ವ್ಯವಸ್ಥೆಯವನೊಡನೆ ಮಾತನಾಡಬಲ್ಲವನಾದನು. ಆಮೇಲೆ 2003ರಲ್ಲಿ ಬಂದ ಸ್ಕೈಪ್ ಬಹು ಸುಲಭವಾಗಿತ್ತು; ಆದುದರಿಂದಲೇ ಜಗತ್ತೆಲ್ಲ ಅದನ್ನು ಮೆಚ್ಚಿತು. ಆದರೆ ಅದರ ನಿಯಮಗಳು ಗುಟ್ಟಾಗಿದ್ದವು. ಅದರೊಡನೆ ಮಾತನಾಡಲು ಅದೇ ತಂತ್ರಾಂಶ ಬೇಕಾಗಿತ್ತು. ಲಿನಕ್ಸಿನವರಿಗೂ ಅದು ದೊರೆಯುತ್ತಿತ್ತಾದರೂ ಹೊಸ ಸೌಕರ್ಯಗಳು ಅವರನ್ನು ತಡವಾಗಿ ಮುಟ್ಟುತ್ತಿದ್ದವು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2025ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿತು. ಆಗ ಹಾದಿ ಕಡಿದದ್ದು ಲಿನಕ್ಸಿನವರಿಗೆ ಮಾತ್ರವಲ್ಲ, ವಿಂಡೋಸಿನವರಿಗೂ. ಒಬ್ಬನ ಸ್ವತ್ತಾದ ಸೇತುವೆಯು ಒಡೆಯನ ಇಚ್ಛೆ ಇರುವವರೆಗೆ ಮಾತ್ರ ನಿಲ್ಲುವುದೆಂಬುದಕ್ಕೆ ಇದೇ ನಿದರ್ಶನ.

ಇಷ್ಟರಲ್ಲಿ ತೆರೆದ ಹಾದಿಯೊಂದು ಮತ್ತೆ ಸಿದ್ಧವಾಗಿತ್ತು. 2011ರಲ್ಲಿ ಗೂಗಲ್ ಸಂಸ್ಥೆಯು ವೆಬ್‌ಆರ್‌ಟಿಸಿ ಎಂಬ ತಂತ್ರವನ್ನು ಎಲ್ಲರಿಗೂ ಮುಕ್ತವಾಗಿಸಿತು. ಜಾಲತಾಣಗಳನ್ನು ನೋಡಲು ಬಳಸುವ ಬ್ರೌಸರಿನಿಂದಲೇ ವೀಡಿಯೊ ಕರೆ ಮಾಡಲು ಅದು ಅನುಕೂಲ ಕಲ್ಪಿಸುತ್ತದೆ. 2013ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎಂಬ ಎರಡು ಬೇರೆ ಬೇರೆ ಬ್ರೌಸರುಗಳು ಪರಸ್ಪರ ಕರೆ ಮಾಡಿ ತೋರಿಸಿದವು. 2021ರಲ್ಲಿ ಅದು ಅಧಿಕೃತ ಮಾನಕವಾಯಿತು. ಅದನ್ನು ಆಧರಿಸಿದ ಜಿಟ್ಸಿ ಮೀಟ್‌ನಂತಹ ತಂತ್ರಾಂಶದಲ್ಲಿ ಕೊಂಡಿಯೊಂದನ್ನು ಕಳುಹಿಸಿದರೆ ಸಾಕು. ಲಿನಕ್ಸಿನವನೂ ವಿಂಡೋಸಿನವನೂ ಒಂದೇ ಸಭೆಯಲ್ಲಿ ಕುಳಿತುಕೊಳ್ಳಬಹುದು. ಶಾಲೆಯಾಗಲಿ ಇಲಾಖೆಯಾಗಲಿ ಅದನ್ನು ತನ್ನದೇ ಸರ್ವರಿನಲ್ಲಿ ಇರಿಸಿ ನಡೆಸಲೂಬಹುದು.

ಹೆಚ್ಚು ಜನರು ವಿಂಡೋಸ್ ಬಳಸುವಾಗ ಕೆಲವರಿಗಾಗಿ ಇಷ್ಟು ಚಿಂತೆ ಏಕೆ, ಆ ಕೆಲವರೇ ಬದಲಾಗಲಿ ಎಂದು ಹೇಳುವವರುಂಟು. ಈ ಮಾತಿನಲ್ಲಿ ವ್ಯವಹಾರದ ಸತ್ಯವಿದೆ, ಆದರೆ ನ್ಯಾಯವಿಲ್ಲ. ಲಿನಕ್ಸನ್ನು ಎಲ್ಲರೂ ಹವ್ಯಾಸಕ್ಕಾಗಿ ಆರಿಸಿಕೊಂಡವರಲ್ಲ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ಮುಗಿಯಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಯೋಗ್ಯವಲ್ಲ. ಅಂತಹ ಯಂತ್ರದಲ್ಲಿಯೂ ಲಿನಕ್ಸ್ ನಡೆಯಬಲ್ಲದು, ಅದಕ್ಕೆ ಪರವಾನಗಿಯ ಹಣ ಕೊಡಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಯು ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲೆ. ಕನ್ನಡಿ ಚೂರುಗಳನ್ನು ಹೊಲಿದ ತನ್ನ ಬಟ್ಟೆಯನ್ನು ದೂರದ ಗಿರಾಕಿಗೆ ತೋರಿಸಬಯಸುವ ಕುಶಲಕರ್ಮಿಯ ಬಳಿ ಹಳೆಯ ಗಣಕವೊಂದೇ ಇದ್ದರೆ, ಹೊಸದನ್ನು ಕೊಂಡು ಬಾ ಎಂದು ಆಕೆಗೆ ಹೇಳುವುದು ಬಾಗಿಲು ಮುಚ್ಚಿದಂತೆಯೇ ಸರಿ. ಬಹುಸಂಖ್ಯೆಯು ಅನುಕೂಲವನ್ನು ಕೊಡಬಹುದು. ಇತರರನ್ನು ಹೊರಗಿಡುವ ಹಕ್ಕನ್ನು ಕೊಡಲಾರದು.

ತೆರೆದ ಮಾನಕವಿದ್ದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಯಿತೆಂದು ನಂಬುವುದೂ ತಪ್ಪು. ಎಲ್ಲರೂ ಒಂದೇ ಬ್ರೌಸರನ್ನು ಬಳಸತೊಡಗಿ, ಸೇವೆಗಳೆಲ್ಲ ಅದೊಂದಕ್ಕೇ ಹೊಂದಿಕೊಂಡರೆ, ಹಳೆಯ ಬೀಗವು ಹೊಸ ಬಾಗಿಲಿಗೆ ಬೀಳುತ್ತದೆ. ಆದುದರಿಂದ ಸಾರ್ವಜನಿಕ ಹಣದಿಂದ ನಡೆಯುವ ಶಾಲೆಗಳೂ ಕಚೇರಿಗಳೂ ತಮ್ಮ ಸಭೆಗಳಿಗೆ ಯಾವ ಯಂತ್ರದಿಂದಲೂ ಸೇರಬಹುದಾದ ಮಾರ್ಗವನ್ನೇ ಆರಿಸತಕ್ಕದ್ದು. ಅತಿಥಿಯನ್ನು ಕರೆಯುವವನು ಅವನು ಬರುವ ದಾರಿಯನ್ನೂ ವಿಚಾರಿಸುವುದು ಈ ನಾಡಿನ ಹಳೆಯ ಸೌಜನ್ಯ. ಕರೆಗೆ ಮುನ್ನ, ಆಚೆಯವರ ಬಳಿ ಯಾವ ಯಂತ್ರವಿದೆ, ಅವರಿಗೆ ಯಾವ ಹಾದಿ ಸುಲಭ ಎಂದು ಕೇಳುವುದನ್ನು ವಿದ್ಯಾರ್ಥಿಗಳು ಈಗಿನಿಂದಲೇ ರೂಢಿಸಿಕೊಳ್ಳಬೇಕು.