ಸೊಳ್ಳೆಯ ಜಠರವನ್ನೂ ನೋಡಬೇಕು

ನಮ್ಮ ಹೈದರಾಬಾದಿಗೆ ಅವಳಿಯಾದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಮಹಾಶಯರು ಅನಾಫಿಲಿಸ್ ಸೊಳ್ಳೆಯ ಜಠರಭಿತ್ತಿಯಲ್ಲಿ ಕಪ್ಪು ಕಣಗಳಿದ್ದ ದುಂಡು ಕೋಶಗಳನ್ನು ಕಂಡರು. ಪರೀಕ್ಷೆಗಾಗಿ ನಾವು ಈ ದಿನಾಂಕವನ್ನು ಕಂಠಪಾಠ ಮಾಡುತ್ತೇವೆ. ಆ ಭಿತ್ತಿ ಎಂತಹುದೆಂಬುದನ್ನು ಮಾತ್ರ ಅರಿಯೆವು. ಇದು ಸರಿಯೆಂದು ನಮಗೆ ತೋರದು.

ಅದು ಒಂದೇ ಸಾಲು ಜೀವಕೋಶಗಳ ತೆಳುಗೋಡೆ. ಒಳಮುಖದಲ್ಲಿ ಕುಂಚದ ಕೂದಲಿನಂತೆ ಒತ್ತಾದ ಸೂಕ್ಷ್ಮ ಎಳೆಗಳು. ಹೊರಗೆ ತಳಪೊರೆ, ಸ್ನಾಯುಗಳ ಜಾಲ. ಹೆಣ್ಣುಸೊಳ್ಳೆ ರಕ್ತ ಹೀರಿದಾಗ ಗೋಡೆ ಹಿಗ್ಗುತ್ತದೆ. ಗಂಡಿಗೆ ರಕ್ತದ ಗೊಡವೆಯೇ ಇಲ್ಲ! ಮಲೇರಿಯಾ ಜೀವಿಯು ಕೋಶಗಳನ್ನು ಭೇದಿಸಿ ತಳಪೊರೆಯ ಅಡಿಯಲ್ಲಿ ಗಂಟಾಗಿ ಬೆಳೆಯುತ್ತದೆ. ರಾಸ್ ಅವರು ಕಂಡದ್ದು ಈ ಗಂಟನ್ನೇ. ಅದು ಒಡೆದಾಗ ಸಾವಿರಾರು ಸೂಕ್ಷ್ಮಜೀವಿಗಳು ಹೊರಬಂದು ಸೊಳ್ಳೆಯ ಲಾಲಾಗ್ರಂಥಿಯತ್ತ ಸಾಗುತ್ತವೆ.

ವರ್ಷಕ್ಕೊಮ್ಮೆಯಾದರೂ ಈ ಜಠರವನ್ನು ನಮಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಲಿ ಎಂಬುದೇ ನಮ್ಮ ಬೇಡಿಕೆ. ದಿನಾಂಕದ ಪ್ರಶ್ನೆಯನ್ನು ಬೇಕಾದರೆ ಕೈಬಿಡಲಿ.